ಅಮಾಸಿಗೆ ಹಾಕಿದ ಸೊನ್ನೆ

ಹೇಸಿಗೆ ನನಗೆ ಮೊದಲು ಮೂಗಿನಲ್ಲಿ ಗೊತ್ತಾಗುತ್ತದೆ, ಆಮೇಲೆ ತಲೆಯಲ್ಲಿ. ನಮ್ಮ ಸಂಶೋಧನಾ ಕೇಂದ್ರದ ಸಭಾಂಗಣಕ್ಕೆ ಕಾಲಿಟ್ಟರೆ ಸಾಕು, ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಬಣ್ಣ ಬಳಿಯುವಾಗ ಕಿಟಕಿಗಳೆಲ್ಲ ಚೌಕಟ್ಟಿಗೆ ಅಂಟಿಕೊಂಡು ಹೋಗಿವೆ, ತೆಗೆಯಲು ಬರುವುದಿಲ್ಲ. ಒಳಗೆ ಫಿನಾಯಿಲ್ ವಾಸನೆ, ಅದನ್ನು ಮುಚ್ಚಲು ಯಾರೋ ಹೊಡೆದ ಮಲ್ಲಿಗೆ ಸ್ಪ್ರೇ, ಅವೆರಡರ ಅಡಿಯಿಂದ ಎದ್ದು ಬರುವ ಹಿಂದಿನ ಸಭೆಯ ಚಟ್ನಿ. ಮೇಜಿನ ಗಾಜಿನ ಕೆಳಗೆ ನಾಲ್ಕು ಇರುವೆ ಸತ್ತು ಒಣಗಿವೆ. ನಾನು ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಯಿತು, ಅವೇ ನಾಲ್ಕು ಇರುವೆಗಳು ಅಂತ ಪ್ರಮಾಣ ಮಾಡಿ ಹೇಳಬಲ್ಲೆ.

ಆ ಕೋಣೆಯಲ್ಲಿ ಕೂತು ನಾನು ಒಂದು ದತ್ತಾಂಶ ನಿರ್ವಹಣಾ ವ್ಯವಸ್ಥೆಯನ್ನು ಪರೀಕ್ಷಿಸಿ ಅಂಕ ಕೊಡಬೇಕಾಗಿತ್ತು. ನಾಲ್ಕು ವಾರದ ಕೆಲಸ. ಆ ನಾಲ್ಕು ವಾರದಲ್ಲಿ ಆದದ್ದನ್ನು ನೆನೆಸಿಕೊಂಡರೆ ಈಗಲೂ ಬಾಯಲ್ಲಿ ಕಹಿ ನೀರು ಬರುತ್ತದೆ. ಕಹಿ ಯಾರ ಮೇಲೆ ಅಂತ ಮೊದಲೇ ಹೇಳಿಬಿಡುತ್ತೇನೆ: ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ನಮ್ಮ ಕೇಂದ್ರ ಇರುವುದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಅಂಚಿನಲ್ಲಿ. ಭತ್ತದ ಗದ್ದೆಗೆ ನಿಜಕ್ಕೂ ಎಷ್ಟು ನೀರು ಬೇಕು ಅನ್ನುವುದನ್ನು ಕಂಡುಹಿಡಿಯುವ ಯೋಜನೆ ಅಲ್ಲಿ ನಡೆಯುತ್ತದೆ. ಕಾಲುವೆ ಕೆಳಗಿನ ಹಳ್ಳಿಗಳಿಂದ ದಿನಾ ಗದ್ದೆಯ ನೀರಿನ ಮಟ್ಟದ ಅಂಕಿ ಬರುತ್ತದೆ. ಅದನ್ನು ಗಣಕ ಕೊಠಡಿಯ ಯಂತ್ರಗಳಿಗೆ ಉಣಿಸಿ, ಮುಂದಿನ ಹಂಗಾಮಿನಲ್ಲಿ ಕಾಲುವೆಗೆ ಯಾವಾಗ ಎಷ್ಟು ನೀರು ಬಿಟ್ಟರೆ ಸಾಕು ಅಂತ ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಆ ಕೊಠಡಿ ನೋಡಿಕೊಳ್ಳುವವಳು ನಾನು. ಹಳ್ಳಿಯಿಂದ ಬಂದ ಕಾಗದದ ಹಾಳೆಗಳನ್ನು ಟೈಪ್ ಮಾಡುವವಳೂ ನಾನೇ, ಯಂತ್ರಗಳ ಮೇಲಿನ ಕಾರ್ಖಾನೆ ಧೂಳು ಒರೆಸುವವಳೂ ನಾನೇ. ಆ ಧೂಳು ಸಾಮಾನ್ಯ ಧೂಳಲ್ಲ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಜಿಗುಟಾಗುತ್ತದೆ, ಸೋಪು ಹಾಕಿದರೂ ಬಿಡುವುದಿಲ್ಲ.

ವ್ಯವಸ್ಥೆ ಬೇಕಿತ್ತು, ಅದರಲ್ಲಿ ಸುಳ್ಳಿಲ್ಲ. ನಮ್ಮ ಡೇಟಾ ಇದ್ದ ಸ್ಥಿತಿ ನೋಡಿದರೆ ಹಳೇ ಬಟ್ಟೆ ಗಂಟು ಬಿಚ್ಚಿದ ಹಾಗೆ ಆಗುತ್ತಿತ್ತು. ಒಂದು ಫೈಲಿನ ಹೆಸರು ‘ಫೈನಲ್’. ಅದರ ಪಕ್ಕ ‘ಫೈನಲ್ ಎರಡು’. ಆಮೇಲೆ ‘ಹೊಸ ಫೈನಲ್’, ‘ಇದೇ ಫೈನಲ್’, ‘ಸರ್ ಹೇಳಿದ ಫೈನಲ್’. ಒಬ್ಬ ವಿಜ್ಞಾನಿ ಹಿಂದಿನ ವರ್ಷದ ಫೈಲನ್ನು ಈ ವರ್ಷದ್ದು ಅಂದುಕೊಂಡು ಇಡೀ ಪ್ರಬಂಧ ಬರೆದು, ಅದಕ್ಕೆ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದ. ಎಲ್ಲವನ್ನೂ ಒಂದೇ ಕಡೆ ಇಟ್ಟು, ಯಾರು ಏನು ಹಾಕಿದರು, ಯಾರು ಏನು ತಿದ್ದಿದರು ಅಂತ ನೆನಪಿಟ್ಟುಕೊಳ್ಳುವ ಒಂದು ವ್ಯವಸ್ಥೆ ಬರಲಿ ಅಂತ ವರ್ಷಗಟ್ಟಲೆ ಬಡಕೊಂಡವಳು ನಾನು. ‘ಒಂದರ ಮೇಲೆ ಒಂದು ಸೇವ್ ಮಾಡಬೇಡಿ, ಹಳೆಯದನ್ನು ಹಾಗೇ ಬಿಟ್ಟು ಹೊಸದಕ್ಕೆ ಬೇರೆ ಹೆಸರು ಕೊಡಿ’ ಅಂತ ಕೊಠಡಿಯ ಬಾಗಿಲಿಗೆ ಚೀಟಿ ಅಂಟಿಸಿದವಳೂ ನಾನೇ. ಆ ಚೀಟಿ ಈಗಲೂ ಇದೆ. ಅದರ ಎದುರು ಹಾದುಹೋಗುವಾಗ ನಾನು ಮುಖ ತಿರುಗಿಸುತ್ತೇನೆ.

ಭಾನುವಳ್ಳಿಯ ಆ ಹೆಂಗಸಿನ ಬಗ್ಗೆ ಈಗ ಹೇಳಬೇಕು. ನಮ್ಮ ಯೋಜನೆಗೆ ಹರಿಹರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ವೀಕ್ಷಕರು ಇದ್ದಾರೆ, ಅಂದರೆ ದಿನಾ ಬೆಳಗ್ಗೆ ಗದ್ದೆಗೆ ಹೋಗಿ ನೀರಿನ ಮಟ್ಟ ಬರೆದುಕೊಳ್ಳುವವರು. ಗದ್ದೆಯಲ್ಲಿ ತೂತು ಕೊರೆದ ಒಂದು ಪ್ಲಾಸ್ಟಿಕ್ ಕೊಳವೆ ನೆಟ್ಟಿರುತ್ತೇವೆ. ಅದರೊಳಗೆ ಅಳತೆಪಟ್ಟಿ ಇಳಿಬಿಟ್ಟು ನೋಡಬೇಕು. ನೀರು ಮಣ್ಣಿನ ಮಟ್ಟಕ್ಕೆ ಸರಿಯಾಗಿ ನಿಂತಿದ್ದರೆ ಸೊನ್ನೆ, ಮೇಲಿದ್ದರೆ ಇಷ್ಟು ಮೇಲೆ, ಕೆಳಗಿಳಿದಿದ್ದರೆ ಇಷ್ಟು ಕೆಳಗೆ. ಅಷ್ಟೇ ಕೆಲಸ. ಆದರೆ ಚಳಿ ಇರಲಿ, ಕೆಸರು ಇರಲಿ, ದಿನಾ ಹೋಗಬೇಕು. ಭಾನುವಳ್ಳಿಯ ವೀಕ್ಷಕಿಗೆ ಐವತ್ತು ದಾಟಿತ್ತು, ಸ್ವಂತ ಗದ್ದೆ ಇದ್ದ ಒಕ್ಕಲುತನದ ಮನೆ. ಏಳನೇ ತರಗತಿ ಓದಿದವಳು, ಅಕ್ಷರ ಮಾತ್ರ ದುಂಡಗೆ. ‘ವಿಜ್ಞಾನದ ಕೆಲಸ ಮಾಡ್ತಾಳೆ’ ಅಂತ ಊರಲ್ಲಿ ಆಕೆಗೆ ಒಂದು ಗೌರವ ಇತ್ತು. ಬೇರೆ ಹೆಂಗಸರು ತಮಾಷೆ ಮಾಡಿದರೂ ಒಳಗೊಳಗೆ ಹೆಮ್ಮೆ ಪಡುತ್ತಿದ್ದರು ಅಂತ ನಾನು ಹೋದಾಗೆಲ್ಲ ಕಂಡಿದ್ದೇನೆ.

ಆಕೆಯ ಹಾಳೆಗಳನ್ನು ಟೈಪ್ ಮಾಡುವುದು ನನಗೆ ಇಷ್ಟದ ಕೆಲಸವಾಗಿತ್ತು. ಅಂಕಿಗಳ ನಡುವೆ ಆಗಾಗ ಅಕ್ಷರಗಳು ಇರುತ್ತಿದ್ದವು. ‘ಅಮಾಸಿ.’ ‘ಹಾವು ಮಲಗಿತ್ತು, ಹೋಗಿಲ್ಲ.’ ‘ಜ್ವರ.’ ‘ತಮ್ಮನ ಮಗಳ ಸೀಮಂತ.’ ಅಮಾವಾಸ್ಯೆಯ ದಿನ ಆಕೆಯ ಮನೆಯವರು ಗದ್ದೆಗೆ ಕಾಲಿಡುವುದಿಲ್ಲ, ಭೂಮಿಗೆ ಅದು ವಿಶ್ರಾಂತಿಯ ದಿನ. ಮೊದಲ ವರ್ಷ ನಾನೇ ಕೇಳಿದ್ದೆ, ಅಮಾಸಿ ಅಂತ ಬರೆಯುವ ಬದಲು ಮಾರನೇ ದಿನ ನೋಡಿ ಒಂದು ಅಂಕಿ ಹಾಕಬಹುದಲ್ಲ ಅಂತ.

‘ನೋಡ್ದೇ ಇದ್ದದ್ದು ಹೆಂಗೆ ಬರೀಲ್ರಿ?’ ಅಂದಿದ್ದಳು. ‘ನೀವು ಅದನ್ನ ನಂಬಿ ಏನೇನೋ ಮಾಡ್ತೀರಿ. ನಾ ನೋಡಿಲ್ಲ ಅಂದ್ರ ನೋಡಿಲ್ಲ.’

ಡೇಟಾ ಬಗ್ಗೆ ನಾನು ಕೇಳಿದ ಭಾಷಣಗಳಲ್ಲೆಲ್ಲ ಇಷ್ಟು ಶುದ್ಧವಾದ ಮಾತು ಇನ್ನೊಂದಿಲ್ಲ. ಆಕೆ ಹೇಳಿದಂತೆಯೇ ನಾನೂ ಟೈಪ್ ಮಾಡುತ್ತಾ ಬಂದೆ. ಅಮಾಸಿ ಇದ್ದಲ್ಲಿ ಅಮಾಸಿ, ಹಾವು ಇದ್ದಲ್ಲಿ ಹಾವು. ಮೂರು ವರ್ಷ.

ವ್ಯವಸ್ಥೆ ಮಾರಲು ಬಂದ ಕಂಪನಿಯ ಪ್ರತಿನಿಧಿಗೆ ಪ್ರತಿ ಮಾತಿಗೂ ‘ಮೇಡಂ’ ಬೇಕು. ಎಣ್ಣೆ ಹಚ್ಚಿದ ಹಾಗೆ ಮಾತಾಡುತ್ತಿದ್ದ. ಮಿರ್ಚಿ ತಿಂದ ಬೆರಳನ್ನು ಒಂದೊಂದಾಗಿ ನೆಕ್ಕಿ ಅದೇ ಬೆರಳಲ್ಲಿ ನನ್ನ ಕೀಬೋರ್ಡ್ ಮುಟ್ಟಿದಾಗಲೇ ನಾನು ಅವನಿಗೆ ಮನಸ್ಸಿನಲ್ಲೇ ಹತ್ತಕ್ಕೆ ಒಂದು ಅಂಕ ಕೊಟ್ಟಿದ್ದೆ. ಆದರೆ ವ್ಯವಸ್ಥೆಗೆ ನ್ಯಾಯವಾಗಿಯೇ ಅಂಕ ಕೊಡಬೇಕು ಅಂತ ನಾಲ್ಕು ಪುಟ ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಹಾಕಿದ್ದು ಹಾಕಿದ ಹಾಗೇ ಉಳಿಯುತ್ತದೆಯೇ? ತಿದ್ದಿದರೆ ಯಾರು, ಯಾವಾಗ, ಯಾಕೆ ತಿದ್ದಿದರು ಅಂತ ತೋರಿಸುತ್ತದೆಯೇ? ತಪ್ಪಾಗಿ ಅಳಿಸಿದ್ದನ್ನು ವಾಪಸು ಕೊಡುತ್ತದೆಯೇ? ಯೋಜನೆಯ ಮುಖ್ಯಸ್ಥರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ತಮ್ಮದೇ ಒಂದು ನಮೂನೆ ಕೊಟ್ಟರು. ಅದರಲ್ಲಿ ಮೊದಲ ಪ್ರಶ್ನೆ, ಪರದೆ ನೋಡಲು ಆಕರ್ಷಕವಾಗಿದೆಯೇ ಅಂತ.

ಪ್ರದರ್ಶನಕ್ಕೆ ಕಂಪನಿಯವನು ತನ್ನದೇ ಮಾದರಿ ಡೇಟಾ ತಂದಿದ್ದ, ತೊಳೆದು ಇಸ್ತ್ರಿ ಮಾಡಿದಂಥದ್ದು. ಅದು ಆಗುವುದಿಲ್ಲ, ನಮ್ಮ ಡೇಟಾ ಹಾಕಿ ನೋಡದೆ ಅಂಕ ಕೊಡುವುದಿಲ್ಲ ಅಂತ ಹಟ ಹಿಡಿದವಳು ನಾನು. ಯಾವುದನ್ನು ಹಾಕೋಣ ಅಂದಾಗ ಭಾನುವಳ್ಳಿಯದನ್ನು ಆರಿಸಿದವಳೂ ನಾನೇ. ನಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಾಳೆಗಳು ಅವು ಅಂತ ಎಲ್ಲರಿಗೂ ತೋರಿಸುವ ಉಮೇದು ನನಗೆ. ಹೋಲಿಸಿ ನೋಡಲು ಇನ್ನೊಂದು ಹಳ್ಳಿಯದು ಇರಲಿ ಅಂತ ಮುಖ್ಯಸ್ಥರು ಮತ್ತೊಬ್ಬ ವೀಕ್ಷಕನ ಫೈಲನ್ನೂ ಸೇರಿಸಿದರು. ಆತ ಹರಿಹರದ ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ ಇಟ್ಟವನು, ಪಕ್ಕದ ಹಳ್ಳಿಯಲ್ಲಿ ಅವನ ಗದ್ದೆ, ಅಂಕಿಗಳನ್ನು ತಾನೇ ಟೈಪ್ ಮಾಡಿ ಕಳಿಸುತ್ತಿದ್ದ.

ಸಭೆ ಮೂರು ಗಂಟೆಗೆ. ಎರಡೂವರೆಗೆ ಭಾನುವಳ್ಳಿಯ ಫೈಲನ್ನು ಒಳಗೆ ಹಾಕಲು ಹೋದರೆ ವ್ಯವಸ್ಥೆ ಒಪ್ಪಲಿಲ್ಲ. ‘ಈ ಕಾಲಂನಲ್ಲಿ ಅಂಕಿ ಮಾತ್ರ’ ಅಂತ ಹೇಳಿ ಹೊರಗೆ ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಪಕ್ಕದಲ್ಲಿ ಕಂಪನಿಯವನು ‘ನಿಮ್ಮ ಡೇಟಾ ಕ್ಲೀನ್ ಇಲ್ಲ ಮೇಡಂ’ ಅಂತ ಹಲ್ಲು ಕಿರಿದ. ನನಗೆ ಮೈ ಉರಿಯಿತು. ಆ ಉರಿಯಲ್ಲೇ ಅಂಕಿ ಅಲ್ಲದ್ದನ್ನೆಲ್ಲ ಒಂದೇ ಏಟಿಗೆ ಸೊನ್ನೆ ಮಾಡಿದೆ. ಅಮಾಸಿ ಸೊನ್ನೆ, ಹಾವು ಸೊನ್ನೆ, ಜ್ವರ ಸೊನ್ನೆ, ಸೀಮಂತ ಸೊನ್ನೆ. ಫೈಲನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಬಾಗಿಲ ಮೇಲಿನ ಚೀಟಿ ಬರೆದ ಕೈಯೇ ಅದನ್ನು ಮಾಡಿತು. ಮಾರನೇ ದಿನ ನಕಲು ಇಟ್ಟುಕೊಳ್ಳುವ ಯಂತ್ರ ಆ ಹೊಸದನ್ನೇ ಹಳೆಯದರ ಮೇಲೆ ಬರೆದುಕೊಂಡಿತು, ನಾನೇ ಹಾಗೆ ಹೊಂದಿಸಿಟ್ಟಿದ್ದೆ.

ಮೂರು ಗಂಟೆಗೆ ಪರದೆಯ ಮೇಲೆ ಎರಡು ಸಾಲು ಮೂಡಿದವು. ವೀಕ್ಷಕರ ವಿಶ್ವಾಸಾರ್ಹತೆ ಅಂತ ತಲೆಬರಹ. ಅಂಗಡಿಯವನ ಸಾಲು ಹಸಿರು, ಭಾನುವಳ್ಳಿಯ ಸಾಲು ಕಡುಗೆಂಪು. ಒಂದು ದಿನ ಏಳು ಬೆರಳು ನೀರು ಇದ್ದ ಗದ್ದೆ ಮಾರನೇ ದಿನ ಸೊನ್ನೆ, ಅದರ ಮಾರನೇ ದಿನ ಮತ್ತೆ ಆರು ಹೇಗಾಗುತ್ತದೆ? ಆಗದ ಮಾತು. ಆದ್ದರಿಂದ ಈ ವೀಕ್ಷಕಿ ಕಟ್ಟಿ ಬರೆಯುತ್ತಿದ್ದಾಳೆ ಅಂತ ವ್ಯವಸ್ಥೆಯ ತೀರ್ಮಾನ. ಯಾರೂ ಕೇಳದಿದ್ದರೂ ಅದು ತೀರ್ಪು ಕೊಟ್ಟಿತ್ತು, ಜೊತೆಗೆ ‘ಬದಲಾಯಿಸಲು ಶಿಫಾರಸು’ ಅಂತ ಒಂದು ಗುಂಡಿ ಕೂಡ.

ಮುಖ್ಯಸ್ಥರು ಕುರ್ಚಿಯಲ್ಲಿ ಮುಂದಕ್ಕೆ ಬಂದರು. ‘ಈಯಮ್ಮ ಮೂರು ವರ್ಷ ನಮ್ಮ ಕಣ್ಣಿಗೆ ಮಣ್ಣೆರಚ್ಯಾಳಲ್ರಿ! ನೀವೇನೋ ಭಾಳ ಹೊಗಳ್ತಿದ್ರಿ?’

ಆಗ ನನಗೆ ಹೊಳೆಯಲಿಲ್ಲ ಅಂತ ಬರೆಯಲು ಕೈ ಬರುತ್ತಿಲ್ಲ. ಹೊಳೆದಿತ್ತು. ಆ ಕೆಂಪು ನನ್ನ ಸೊನ್ನೆಗಳಿಂದ ಬಂದದ್ದು ಅಂತ ಆ ಕ್ಷಣವೇ ಗೊತ್ತಾಗಿತ್ತು. ‘ಸರ್, ಅದು ನಾನು ಹಾಕಿದ್ದು’ ಅನ್ನಲು ನಾಲ್ಕು ಮಾತು ಸಾಕಿತ್ತು. ಆದರೆ ಆ ಬೆರಳು ನೆಕ್ಕುವವನ ಎದುರು ನಾನು ಮೂರ್ಖಳಾಗಲು ತಯಾರಿರಲಿಲ್ಲ. ನಾಳೆ ಮುಖ್ಯಸ್ಥರು ಒಬ್ಬರೇ ಇದ್ದಾಗ ಹೇಳಿದರಾಯಿತು ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂತೆ. ಪ್ಲೇಟಿನಲ್ಲಿದ್ದ ಮಿರ್ಚಿ ಸಹ ತಿಂದೆ.

ಮಾರನೇ ದಿನ ಮುಖ್ಯಸ್ಥರು ಯಾವುದೋ ವಿಚಾರ ಸಂಕಿರಣಕ್ಕೆ ಹೊರಟುಹೋಗಿದ್ದರು. ಹತ್ತು ದಿನ ಬರಲಿಲ್ಲ. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಆ ಹತ್ತು ದಿನ ನಾನು ನನ್ನ ನಾಲ್ಕು ಪುಟದ ಪ್ರಶ್ನೆಗಳನ್ನು ನೆನಪಿನಿಂದಲೇ ಒಂದೊಂದಾಗಿ ಆ ವ್ಯವಸ್ಥೆಗೆ ಕೇಳುತ್ತಾ ಕೂತೆ. ಅಳಿಸಿದ್ದನ್ನು ಕೊಡು ಅಂದೆ, ಸೊನ್ನೆಗಳನ್ನೇ ಕೊಟ್ಟಿತು, ಅದಕ್ಕೆ ಅದಕ್ಕಿಂತ ಹಿಂದಿನದು ಗೊತ್ತೇ ಇರಲಿಲ್ಲ. ಈ ಸೊನ್ನೆ ಹಾಕಿದ್ದು ಯಾರು ಅಂತ ಕೇಳಿದೆ. ‘ಮೂಲ: ವೀಕ್ಷಕಿ, ಭಾನುವಳ್ಳಿ’ ಅಂದಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನನ್ನ ಕಂಪ್ಯೂಟರಿನಿಂದ, ನನ್ನ ಲಾಗಿನ್ನಿನಿಂದ, ನನ್ನ ಕೈಯಿಂದ ಹೋದದ್ದನ್ನು ಅದು ಸಲೀಸಾಗಿ ಆಕೆಯ ಹೆಸರಿಗೆ ಬರೆದುಕೊಂಡಿತ್ತು. ಯಾರು ತಿದ್ದಿದರು ಅಂತ ಹೇಳಲಾರದ ವ್ಯವಸ್ಥೆಯನ್ನು ನಾನು ಸಂಶೋಧನೆಯ ಹತ್ತಿರ ಸೇರಿಸುವುದಿಲ್ಲ. ವರದಿಯಲ್ಲಿ ಹಾಗೇ ಬರೆದೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಗೆರೆ ಎಳೆಯುವಾಗ ನನಗೊಂದು ಸಮಾಧಾನ ಕೂಡ ಆಯಿತು, ತಪ್ಪನ್ನು ಯಂತ್ರದ ತಲೆಗೆ ಕಟ್ಟಿದ ಸಮಾಧಾನ. ಅದು ಎಂಥ ಹೊಲಸು ಸಮಾಧಾನ ಅಂತ ಆಗಲೇ ಗೊತ್ತಿತ್ತು.

ಮುಖ್ಯಸ್ಥರು ವಾಪಸು ಬಂದ ದಿನವೇ ಸಭಾಂಗಣದಲ್ಲಿ ಒಂದು ಸನ್ಮಾನ ಇಟ್ಟಿದ್ದರು. ಅಂಗಡಿಯವನಿಗೆ, ಉತ್ತಮ ವೀಕ್ಷಕ ಅಂತ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಪೇಟ ಯಾವ ಕಾಲದ್ದೋ, ಒಳಗಿನ ಪಟ್ಟಿ ಬೆವರು ಕುಡಿದು ಕಪ್ಪಾಗಿತ್ತು, ಎಷ್ಟು ತಲೆ ಕಂಡಿತ್ತೋ. ಆತ ಅದನ್ನು ಹಾಕಿಕೊಂಡು ಫೋಟೋಕ್ಕೆ ನಿಂತ. ‘ಒಂದು ದಿನ ಖಾಲಿ ಬಿಟ್ಟಿಲ್ಲ ಇವರು, ಮೂರು ವರ್ಷ!’ ಅಂತ ಮುಖ್ಯಸ್ಥರು ಮೈಕಿನಲ್ಲಿ ಕೂಗಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಅವನ ಫೈಲನ್ನು ಮೊಬೈಲಿನಲ್ಲಿ ತೆರೆದೆ. ಐದು, ನಾಲ್ಕು, ಮೂರು. ಐದು, ನಾಲ್ಕು, ಮೂರು. ಬೇಸಿಗೆ ಬೆಳೆ ಕೊಯ್ದ ಮೇಲೆ ಕಾಲುವೆ ನಿಲ್ಲಿಸುತ್ತಾರೆ, ಗದ್ದೆ ಬಿರುಕು ಬಿಡುತ್ತದೆ, ಅದು ಈ ಕಡೆ ಎಮ್ಮೆಗೂ ಗೊತ್ತು. ಅವನ ಗದ್ದೆಯಲ್ಲಿ ಆ ತಿಂಗಳುಗಳಲ್ಲೂ ಐದು, ನಾಲ್ಕು, ಮೂರು. ಅದನ್ನು ವ್ಯವಸ್ಥೆ ಹಸಿರು ಅಂದಿತ್ತು. ನುಣುಪಾಗಿ ಏರಿ ಇಳಿದರೆ ಅದಕ್ಕೆ ಸಂತೋಷ.

ಸನ್ಮಾನ ಮುಗಿದ ಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಸೊನ್ನೆ ನನ್ನದು, ಆಕೆಯ ತಪ್ಪಿಲ್ಲ, ಇವನದು ಸುಳ್ಳು, ವ್ಯವಸ್ಥೆ ಕೆಲಸಕ್ಕೆ ಬಾರದ್ದು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕಿವಿಗೆ ಕಾರಿನ ಕೀಲಿ ಹಾಕಿ ತಿರುವುತ್ತಾ ಕೇಳಿಸಿಕೊಂಡರು. ಆ ಕೀಲಿಯ ತುದಿಯನ್ನು ನೋಡಿ ಅದನ್ನು ಪ್ಯಾಂಟಿಗೆ ಒರೆಸಿಕೊಂಡರು.

‘ಭಾನುವಳ್ಳಿದು ಆಗ್ಲೇ ಸರಿ ಆಗೇತ್ರಿ. ನಿನ್ನೆನೇ ಹಸಿರು ಆಗೇತೆ, ನೋಡಿಲ್ಲೇನು? ಆಕಿನ್ನೇನೂ ತೆಗಿಯಲ್ಲ ಬಿಡ್ರಿ.’

‘ಹೆಂಗೆ ಸರಿ ಆತು ಸರ್?’

‘ನಾ ಸಂಕಿರಣಕ್ಕೆ ಹೋಗೋ ಮುಂಚೆನೇ ಮೂಲ ಹಾಳೆ ವಾಪಸ್ ಕಳಿಸಿ ತಿದ್ದಿಸೀವಿ. ನಮ್ಮ ಸನ್ಮಾನದ ಸಾಹೇಬ್ರೇ ತಗಂಡು ಹೋಗಿದ್ರು. ಅವರಿಗೆ ಉಳಿದ ವೀಕ್ಷಕರಿಗೆ ಕಲಿಸೋ ಜವಾಬ್ದಾರಿ ಕೊಟ್ಟೀನಿ.’

ನನ್ನ ಮೂಗಿಗೆ ಏನೋ ಕೊಳೆತ ವಾಸನೆ ಬಡಿದ ಹಾಗಾಯಿತು. ಕೊಠಡಿಗೆ ಓಡಿ ಬಂದು ಬೀರು ತೆಗೆದು ನೋಡಿದೆ. ಭಾನುವಳ್ಳಿಯ ಮೂರು ವರ್ಷದ ಹಾಳೆಗಳಿದ್ದ ಜಾಗ ಖಾಲಿ. ಪರದೆಯಲ್ಲಿ ಆಕೆಯ ಸಾಲು ತಿಳಿ ಹಸಿರು. ಯಾರೋ ಹೊಸದಾಗಿ ಟೈಪ್ ಮಾಡಿ ಹಾಕಿದ್ದರು, ನನ್ನ ಸೊನ್ನೆಗಳು ಒಂದೂ ಇರಲಿಲ್ಲ. ಆಕೆ ನಿಜವಾಗಿ ನೋಡಿ ಬರೆದ ಸೊನ್ನೆಗಳೂ ಇರಲಿಲ್ಲ. ಇನ್ನು ಉಳಿದದ್ದು ಕಾಗದ ಒಂದೇ. ಆ ಹಾಳೆಗಳು ಸಿಕ್ಕರೆ ಅಮಾಸಿ ಯಾವುದು, ಜ್ವರ ಯಾವುದು, ನಿಜವಾದ ಸೊನ್ನೆ ಯಾವುದು ಅಂತ ಮತ್ತೆ ಕೂತು ಟೈಪ್ ಮಾಡಬಹುದು. ಮೂರು ವರ್ಷದ್ದನ್ನು ಒಂದು ವಾರದಲ್ಲಿ ಮಾಡುತ್ತೇನೆ, ಊಟ ಬಿಟ್ಟು ಮಾಡುತ್ತೇನೆ ಅಂದುಕೊಂಡೆ.

ಮಾರನೇ ಬೆಳಗ್ಗೆ ರಜೆ ಹಾಕಿ ವಿನೋಬನಗರದ ಮನೆಯಿಂದ ನಡೆದುಕೊಂಡೇ ನಿಲ್ದಾಣಕ್ಕೆ ಹೋಗಿ ಹರಿಹರದ ಬಸ್ಸು ಹತ್ತಿದೆ. ಹಾಳೆ ಇನ್ನೂ ಅಂಗಡಿಯವನ ಹತ್ತಿರವೇ ಇರಬಹುದು ಅಂತ ಮೊದಲು ಅಲ್ಲಿಗೆ ಹೋದೆ. ಸನ್ಮಾನದ ಫೋಟೋಕ್ಕೆ ಆಗಲೇ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ್ದ. ‘ಬರ್ರಿ ಮೇಡಂ, ಕೂಡ್ರಿ’ ಅಂತ ಸ್ಟೂಲು ಒರೆಸಿದ. ಕೂರುವಾಗ ಕಾಲಿಗೆ ಏನೋ ತಗುಲಿತು. ಅಂಗಡಿಯ ಮೂಲೆಯಲ್ಲಿ ನಮ್ಮ ಯೋಜನೆಯ ಪ್ಲಾಸ್ಟಿಕ್ ಕೊಳವೆ, ತೂತುಗಳ ಸಮೇತ, ನೆಟ್ಟಗೆ ನಿಂತಿತ್ತು. ಅದರ ತುಂಬ ಮಾರಾಟದ ಪೊರಕೆಗಳು. ಕೊಳವೆಯ ಮೇಲೆ ನಾನೇ ಬರೆದ ನಂಬರು ಇನ್ನೂ ಅಳಿಸಿರಲಿಲ್ಲ.

ನಾನು ನೋಡಿದ್ದನ್ನು ಅವನೂ ನೋಡಿದ. ನಾಚಿಕೆ ಅನ್ನುವುದು ಮುಖದ ಹತ್ತಿರಕ್ಕೂ ಬರಲಿಲ್ಲ. ‘ಭತ್ತ ಕೊಯ್ಯೋ ಮಷೀನಿಗೆ ಅಡ್ಡ ಬರ್ತಿತ್ತು, ಕಿತ್ತೆ. ಆದ್ರೂ ನಮಗೆ ಅಂದಾಜು ಐತಲ್ರಿ’ ಅಂದ. ನಾನು ಹಾಳೆ ಕೇಳಿದೆ. ‘ಆಕಿ ಹತ್ರನೇ ಅದಾವು, ತಿದ್ದಿದ್ದನ್ನ ಫೋಟೋ ಹೊಡ್ಕಂಡು ಆಫೀಸಿಗೆ ಕಳಿಸೀನಿ. ಹೆಂಗೆ ಬರಿಬೇಕು ಅಂತ ಚೆಂದಾಗಿ ಹೇಳಿಕೊಟ್ಟು ಬಂದೀನಿ. ಪಾಪ, ತಿಳಿವಳಿಕೆ ಕಮ್ಮಿ.’

ಆ ‘ಪಾಪ’ ಕೇಳಿ ನನಗೆ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಉಗಿಯಲಿಲ್ಲ. ನಾನು ಯಾವ ಬಾಯಲ್ಲಿ ಉಗಿಯಲಿ? ಭಾನುವಳ್ಳಿ ಬಸ್ಸು ಹಿಡಿದೆ.

ಆಕೆ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಮೊದಲಿನ ನಗು ಇತ್ತು, ಆದರೆ ಅದರಲ್ಲಿ ಒಂದು ಹೆದರಿಕೆ ಸೇರಿಕೊಂಡಿತ್ತು. ಹಿಂದೆಂದೂ ಆಕೆ ನನ್ನನ್ನು ನೋಡಿ ಹೆದರಿದ್ದಿಲ್ಲ.

‘ಈಗ ನನ್ನ ಹೆಸರು ಕೆಂಪಿನಾಗಿಲ್ಲ ಅಲ್ರಿ?’ ಅಂದಳು, ನಾನು ಕೂರುವ ಮುಂಚೆಯೇ.

‘ಇಲ್ಲ.’

‘ಹಂಗಾರ ಸಾಕು. ಊರಾಗೆಲ್ಲ ಹೇಳಿಬಿಟ್ಟಿದ್ರು ಆ ಅಂಗಡಿಯವರು, ಈಕಿ ಕಳ್ಳ ಲೆಕ್ಕ ಬರೀತಾಳಂತ, ಕಂಪ್ಯೂಟರ್ ಹಿಡಿದೈತಂತ. ಎಂಟು ದಿನ ನಾ ನಲ್ಲಿ ನೀರು ಹಿಡಿಯಾಕ ಹೋಗಿರಲಿಲ್ಲ, ಮಂದಿ ಮುಖ ನೋಡಾಕ ಆಗ್ತಿರಲಿಲ್ಲ. ಕಂಪ್ಯೂಟರ್ ಹೇಳ್ತಂದ್ರ ಯಾರು ಇಲ್ಲಂತಾರ? ನಮ್ಮ ಮನೆಯವರೂ ಒಂದಿನ ಕೇಳಿದ್ರು, ಖರೇ ಹೋಗ್ತಿದ್ದೇನು ಅಂತ.’

ಹಾಳೆ ತೋರಿಸಿ ಅಂದೆ. ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಕಟ್ಟು ತಂದಳು. ಬಿಚ್ಚಿದೆ. ಹೊಸ ಹಾಳೆಗಳು. ಮೂರು ವರ್ಷದ್ದೂ ಹೊಸ ಹಾಳೆಗಳು, ಅದೇ ದುಂಡಗಿನ ಅಕ್ಷರ, ಒಂದೇ ನೀಲಿ ಶಾಯಿ. ಪುಟ ತಿರುಗಿಸುತ್ತಾ ಹೋದೆ. ಅಂಕಿ, ಅಂಕಿ, ಅಂಕಿ. ಎಲ್ಲೂ ಅಮಾಸಿ ಇಲ್ಲ, ಹಾವು ಇಲ್ಲ, ಜ್ವರ ಇಲ್ಲ.

‘ಹಳೇವು ಎಲ್ಲಿ?’

‘ಬಚ್ಚಲ ನೀರೊಲಿಗೆ ಹಾಕಂದ್ರು, ಹಾಕಿದೆ. ಎರಡೂ ಇದ್ರ ಗೊಂದಲ ಆಗ್ತೈತಂತ. ಏಳು ದಿನ ಕುಂತು ಬರದೀನ್ರಿ, ಕೈ ಬಾತಿತ್ತು. ಖಾಲಿ ಇದ್ದ ದಿನ ಹೆಂಗೆ ಬರಿಬೇಕಂತ ಹೇಳಿಕೊಟ್ರು. ಹಿಂದಿನ ದಿನದ್ದು ನೋಡು, ಮಾರನೇ ದಿನದ್ದು ನೋಡು, ನಡುವಿಂದು ಬರಿ, ಭಾಳ ಸೊನ್ನಿ ಇಡಬ್ಯಾಡ, ಸೊನ್ನಿ ಕಂಡ್ರ ಕಂಪ್ಯೂಟರಿಗೆ ಸಿಟ್ಟು ಬರ್ತೈತೆ ಅಂದ್ರು. ಮೊದಲ ದಿನ ಒಂದು ಹಾಳಿನೂ ಮುಗೀಲಿಲ್ಲ. ಆಮೇಲೆ ರೂಢಿ ಆತು.’ ಹಾಳೆಯ ಅಂಚನ್ನು ಬೆರಳಲ್ಲಿ ನೀವಿದಳು. ‘ಈಗ ದಿನಾ ಹೋಗೋದೂ ಬ್ಯಾಡ ಅಂದಾರ. ಎರಡು ದಿನಕ್ಕೊಮ್ಮೆ ಹೋದ್ರ ಸಾಕು, ನಡುವಿಂದು ಗೊತ್ತೇ ಆಗ್ತೈತಲ್ಲ.’

ಬಿಸಿಲಿತ್ತು, ಪಕ್ಕದ ಮನೆಯ ಕೊಟ್ಟಿಗೆಯ ವಾಸನೆ ಇತ್ತು, ಅದು ಯಾವುದೂ ನನಗೆ ಹೇಸಿಗೆ ತರಲಿಲ್ಲ. ನನ್ನ ಮೈಯೇ ನನಗೆ ವಾಸನೆ ಹೊಡೆಯುತ್ತಿತ್ತು.

‘ಆ ಸೊನ್ನೆ ನೀವು ಬರೆದದ್ದಲ್ಲ,’ ಅಂದೆ. ‘ನಾನು ಹಾಕಿದ್ದು. ನಿಮ್ಮ ಅಮಾಸಿನೆಲ್ಲ ಕಂಪ್ಯೂಟರು ತಗೊಳ್ಳಲಿಲ್ಲ ಅಂತ ನಾನೇ ಸೊನ್ನೆ ಮಾಡಿದೆ. ಅದಕ್ಕೇ ಕೆಂಪಾಯಿತು. ನಿಮ್ಮದು ಒಂದೂ ತಪ್ಪಿರಲಿಲ್ಲ.’

ಆಕೆ ನನ್ನ ಮುಖ ನೋಡಿದಳು, ಹಾಳೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

‘ಅವತ್ತೇ ಗೊತ್ತಿತ್ತೇನ್ರಿ ನಿಮಗೆ?’

‘ಗೊತ್ತಿತ್ತು.’

‘ಮತ್ತ ಅವತ್ತೇ ಹೇಳಬೇಕಿತ್ತಲ್ರಿ.’

ಅಷ್ಟೇ ಅಂದಳು. ಆಮೇಲೆ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡು ಒಂದೊಂದೇ ತಿರುವಿದಳು, ಏನನ್ನೋ ಹುಡುಕುವವಳಂತೆ. ಒಂದು ಪುಟದ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಬೆರಳು ಇನ್ನೊಂದು ಸಾಲಿಗೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ.

‘ಪಂಚಾಂಗ ನೋಡಿದ್ರ ಅಮಾಸಿ ಸಿಗ್ತಾವು,’ ಅಂದಳು. ‘ಜ್ವರ ಬಂದಿದ್ದು ಯಾವಾಗ, ಹಾವು ಇದ್ದದ್ದು ಯಾವಾಗ, ಅದೆಲ್ಲ ಎಲ್ಲಿ ನೋಡ್ಲಿ? ಒಂದೇ ಪೆನ್ನಾಗ ಬರದೀನಿ, ಗುರುತು ಕಾಣಬಾರದು ಅಂದಿದ್ರು. ಮೂರು ವರ್ಷ ನಾ ನೋಡ್ದೇ ಇದ್ದದ್ದು ಒಂದೂ ಬರದಿರಲಿಲ್ಲ. ಈಗ ಇದರಾಗ ನಾ ನೋಡಿದ್ದು ಯಾವುದು ಅಂತ ನೀವು ಕೇಳಿದ್ರ, ನನಗೇ ಗೊತ್ತಿಲ್ರಿ. ನಾನು ಏನು ಹೇಳ್ಲಿ?’

ನಾನು ಹಾಳೆಗಳನ್ನು ಆಕೆಯ ತೊಡೆಯ ಮೇಲೇ ಬಿಟ್ಟು ಎದ್ದು ಬಂದೆ.